ಕಡಲೂರಲ್ಲಿ ಇಂಟರ್ನ್‌ಶಿಪ್: ಕೆ.ಆರ್.ಪೇಟೆ ಮಕ್ಕಳು ಹೋಗೋ ಮುಂಚೆ ತಿಳಿದುಕೊಳ್ಳಬೇಕಾದ ಸಂಗತಿ

ಕೆ.ಆರ್.ಪೇಟೆ: ಕಬ್ಬು, ಭತ್ತ, ರಾಗಿ, ತೆಂಗು, ಹಾಲಿನ ಡೇರಿ. ನಮ್ಮ ತಾಲೂಕಿನ ಮಕ್ಕಳು ಬೆಳೆಯೋದು ಇದರ ನಡುವೆ. ಹೇಮಾವತಿ ನಾಲೆಯಲ್ಲಿ ಈಜು ಕಲಿತವರಿಗೆ ಕಡಲು ಅಂದ್ರೆ, ಧರ್ಮಸ್ಥಳಕ್ಕೆ ಹೋದಾಗ ಹಂಗೇ ಮುಂದಕ್ಕೆ ಹೋಗಿ ಮಲ್ಪೆಯಲ್ಲೋ ಮುರ್ಡೇಶ್ವರದಲ್ಲೋ ಕಾಲು ನೆನೆಸಿ ಬಂದ ನೆನಪು. ಅಂಥ ಮನೆಯ ಡಿಗ್ರಿ ಹುಡುಗ ಅಥವಾ ಹುಡುಗಿ 'ಕಡಲ ಸಂರಕ್ಷಣೆ ಮತ್ತು ಸುಸ್ಥಿರ ಜೀವನೋಪಾಯ' ಅನ್ನೋ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕ್ತೀನಿ ಅಂದ್ರೆ ಮನೆಯಲ್ಲಿ ಏಳೋ ಮೊದಲ ಪ್ರಶ್ನೆ ಇದು: 'ಅಲ್ಲಿ ಹೋಗಿ ಏನ್ ಮಾಡ್ತೀಯ? ಮೀನು ಹಿಡೀತೀಯಾ?'

ಪ್ರಶ್ನೆ ನ್ಯಾಯವಾದದ್ದೇ. ಇಂಥ ಇಂಟರ್ನ್‌ಶಿಪ್‌ಗಳ ಪ್ರಕಟಣೆ ಬಹುತೇಕ ಇಂಗ್ಲಿಷ್‌ನಲ್ಲಿರುತ್ತೆ. ಅದರಲ್ಲಿ ಆಮೆ ಮರಿಯ ಫೋಟೊ ಇರುತ್ತೆ, ಕೆಲಸ ಏನು ಅನ್ನೋದು ಸರಿಯಾಗಿ ಇರಲ್ಲ. ಅರ್ಜಿ ಹಾಕೋರಲ್ಲಿ ಬೆಂಗಳೂರು, ಮುಂಬೈನ ಇಂಗ್ಲಿಷ್ ಕಾಲೇಜುಗಳ ಮಕ್ಕಳೇ ಮುಂದು. ಆದರೆ ಕರ್ನಾಟಕದ ಕರಾವಳಿಯಲ್ಲಿ ಈ ಕೆಲಸಕ್ಕೆ ನಿಜಕ್ಕೂ ಬೇಕಾಗಿರೋದು ಕನ್ನಡದಲ್ಲಿ ಕೂತು ಮಾತಾಡಬಲ್ಲ, ಸಾಲ, ಸೊಸೈಟಿ, ದರ, ದಲ್ಲಾಳಿ ಅಂದ್ರೆ ಏನು ಅಂತ ಮನೆಯಲ್ಲೇ ಕಂಡಿರೋ ಮಕ್ಕಳು. ಆ ಲೆಕ್ಕದಲ್ಲಿ ನಮ್ಮೂರಿನ ಮಕ್ಕಳು ಹಿಂದೆ ಬಿದ್ದವರಲ್ಲ. ಅವರಿಗೆ ಇಲ್ಲದಿರೋದು ಮಾಹಿತಿ. ಅದನ್ನ ಇಲ್ಲಿ ಕೊಡ್ತಿದ್ದೇವೆ.

ಕೆಲಸ ಏನಿರುತ್ತೆ?

ವಿ.ಸಿ.ಫಾರ್ಮ್‌ನ ಕೃಷಿ ವಿದ್ಯಾರ್ಥಿಗಳು ಹಳ್ಳಿಗಳಿಗೆ ಬಂದು ಉಳಿದುಕೊಂಡು, ಮನೆ ಮನೆ ಸುತ್ತಿ, ಊರಿನ ನಕ್ಷೆ ರಂಗೋಲಿಯಲ್ಲಿ ಬಿಡಿಸಿ, ರೈತರ ಹತ್ರ ಬೆಳೆ ಲೆಕ್ಕ ಕೇಳೋದನ್ನ ನಮ್ಮ ಜಿಲ್ಲೆಯವರು ನೋಡಿದ್ದಾರೆ. ಕಡಲೂರಿನ ಇಂಟರ್ನ್‌ಶಿಪ್ ಹೆಚ್ಚುಕಮ್ಮಿ ಅದೇ ಜಾತಿಯದ್ದು. ಹೊಲದ ಬದಲು ಬಂದರು, ಬೆಳೆ ಬದಲು ಮೀನು.

ಬೆಳಗಿನ ಜಾವ ಬಂದರಿಗೆ ಹೋಗಬೇಕು. ದೋಣಿ ಬಂತು ಅಂದ್ರೆ ಅದು ಟ್ರಾಲ್ ಬೋಟಾ, ಪರ್ಸೀನಾ, ಗಿಲ್‌ನೆಟ್ಟಾ, ನಾಡದೋಣಿಯಾ ಬರೆದುಕೊಳ್ಳಬೇಕು. ಎಷ್ಟು ದಿನ ಕಡಲಲ್ಲಿದ್ರು, ಎಷ್ಟು ಸಲ ಬಲೆ ಎಳೆದ್ರು, ಯಾವ ಮೀನು ಎಷ್ಟು ಬುಟ್ಟಿ, ಹರಾಜಲ್ಲಿ ಏನು ದರ, ಡೀಸೆಲ್‌ಗೆ ಎಷ್ಟು ಹೋಯ್ತು, ಎಲ್ಲ ಕೇಳಬೇಕು. ಕೆಲವು ಮೀನಿನ ಉದ್ದ ಅಳೆದು ತೂಕ ಹಾಕಬೇಕು. ಸಣ್ಣ ಮರಿಗಳೇ ಜಾಸ್ತಿ ಬರ್ತಿವೆ ಅಂದ್ರೆ ಅದು ಎಚ್ಚರಿಕೆ: ಮೊಟ್ಟೆ ಇಡೋ ವಯಸ್ಸಿಗೆ ಬರೋ ಮುಂಚೆಯೇ ಮೀನು ಬಲೆಗೆ ಬೀಳ್ತಿದೆ ಅಂತ. ದೇಶದ ಕಡಲ ಮೀನಿನ ಇಳುವರಿಯ ಅಂದಾಜು ಮಾಡೋ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕೂಡ ಬಂದರುಗಳಲ್ಲಿ ಮಾದರಿ ಲೆಕ್ಕ ತೆಗೆದೇ ಅಂದಾಜು ಕಟ್ಟೋದು. 1947ರಲ್ಲಿ ಶುರುವಾದ ಈ ಸಂಸ್ಥೆಯ ಮುಖ್ಯ ಕಚೇರಿ ಕೊಚ್ಚಿಯಲ್ಲಿದೆ, ನಮ್ಮ ರಾಜ್ಯದಲ್ಲಿ ಮಂಗಳೂರು ಮತ್ತು ಕಾರವಾರದಲ್ಲಿ ಕೇಂದ್ರಗಳಿವೆ.

ಇದು ಬೆಳಗಿನ ಪಾಳಿ. ಮಧ್ಯಾಹ್ನದ ಮೇಲೆ ಮನೆಗಳ ಕಡೆ ಹೋಗಬೇಕು. ಒಣಮೀನು ಮಾಡೋ ಹೆಂಗಸರ ಹತ್ರ ಕೂತು, ಉಪ್ಪು ಎಲ್ಲಿಂದ ತರ್ತೀರಿ, ಮೀನು ಯಾರ ಹತ್ರ ಕೊಳ್ತೀರಿ, ಮಳೆ ಬಂದು ಮೀನು ಹಾಳಾದ್ರೆ ನಷ್ಟ ಯಾರದ್ದು ಅಂತ ಕೇಳೋದು. 'ಸುಸ್ಥಿರ ಜೀವನೋಪಾಯ' ಅನ್ನೋ ಭಾರದ ಪದದ ಒಳಗಿರೋದು ಇಷ್ಟೇ: ಈ ದುಡಿಮೆ ನಾಳೆಗೂ ಉಳಿಯುತ್ತಾ, ಮಕ್ಕಳಿಗೂ ಉಳಿಯುತ್ತಾ? ಟೊಮ್ಯಾಟೊ ದರ ಬಿದ್ದಾಗ ರಸ್ತೆಗೆ ಸುರಿದು ಬಂದ ಮನೆಯ ಮಗನಿಗೆ ಈ ಪ್ರಶ್ನೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಭಾಷೆಯದ್ದೊಂದು ತೊಡಕು ಇದೆ. ಮಂಗಳೂರು, ಉಡುಪಿ ಕಡೆ ಬಂದರಲ್ಲಿ ತುಳು ಮತ್ತು ಬ್ಯಾರಿ, ಭಟ್ಕಳದಲ್ಲಿ ನವಾಯತಿ, ಹೊನ್ನಾವರದಿಂದ ಕಾರವಾರದವರೆಗೆ ಕೊಂಕಣಿ ಜಾಸ್ತಿ ಕೇಳುತ್ತೆ. ಎಲ್ಲರಿಗೂ ಕನ್ನಡ ಬರುತ್ತೆ, ಆದರೆ ಮೀನಿನ ಹೆಸರು ಮಾತ್ರ ಊರಿಗೊಂದು. ಮಂಗಳೂರಿನಲ್ಲಿ ಬೂತಾಯಿ ಅನ್ನೋದನ್ನ ಕಾರವಾರದಲ್ಲಿ ತಾರ್ಲಿ ಅಂತಾರೆ. ಬಂಗುಡೆ ಮಾತ್ರ ಎಲ್ಲಾ ಕಡೆ ಬಂಗುಡೆಯೇ. ಮೊದಲ ವಾರ ಒಂದು ನೋಟ್‌ಬುಕ್‌ನಲ್ಲಿ ಬರೀ ಮೀನಿನ ಹೆಸರು ಬರೆದುಕೊಂಡ್ರೆ ಸಾಕು, ಮುಂದಿನದು ಸಲೀಸು. ನಮ್ಮ ಮಂಡ್ಯ ಕನ್ನಡ ಕೇಳಿ ಅವರು ನಗಬಹುದು. ನಗಲಿ, ಮಾತು ಶುರುವಾಗೋದೇ ಅಲ್ಲಿಂದ.

ಅಘನಾಶಿನಿ: ಎರಡೂ ಒಟ್ಟಿಗೆ ಕಾಣೋ ಜಾಗ

ಸಂರಕ್ಷಣೆ ಮತ್ತು ಜೀವನೋಪಾಯ ಎರಡನ್ನೂ ಒಂದೇ ಕಡೆ ನೋಡಬೇಕು ಅಂದ್ರೆ ಉತ್ತರ ಕನ್ನಡದ ಅಘನಾಶಿನಿ ಅಳಿವೆಗಿಂತ ಒಳ್ಳೆ ಪಾಠಶಾಲೆ ಕರ್ನಾಟಕದಲ್ಲಿ ಸಿಗೋದು ಕಷ್ಟ. ಶಿರಸಿ ಹತ್ತಿರ ಹುಟ್ಟಿ, ಕುಮಟಾ ತಾಲೂಕಿನಲ್ಲಿ ಹರಿದು, ತದಡಿ ಬಳಿ ಕಡಲು ಸೇರೋ ಈ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ. ಕೆಆರ್‌ಎಸ್ ನೀರು ಕುಡಿದು ಬೆಳೆದ ನಮಗೆ ಇದು ವಿಚಿತ್ರ ಅನ್ನಿಸಬಹುದು. ಹೊಳೆಯ ಸಿಹಿನೀರು ಮತ್ತು ಕಡಲಿನ ಉಪ್ಪುನೀರು ಕೂಡೋ ಆ ಜಾಗದಲ್ಲಿ ಕಾಂಡ್ಲಾ ಕಾಡು ಇದೆ. ಗಜನಿ ಗದ್ದೆಗಳಿವೆ. ಅಲ್ಲಿ ಉಪ್ಪು ತಡೆಯೋ ಕಗ್ಗ ಅನ್ನೋ ಭತ್ತ ಬೆಳೀತಾರೆ, ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡೀತಾರೆ. ಒಂದೇ ಗದ್ದೆ, ಎರಡು ಬೆಳೆ.

ಅಳಿವೆಯ ಇನ್ನೊಂದು ಸಂಪತ್ತು ಬಳಚು, ಅಂದ್ರೆ ಕೆಸರಲ್ಲಿರೋ ಚಿಪ್ಪುಜೀವಿ. ಕಡಲು ಇಳಿದಾಗ ಹೆಂಗಸರು, ಗಂಡಸರು ಎದೆಮಟ್ಟದ ನೀರಿಗಿಳಿದು ಕೈಯಲ್ಲಿ, ಕಾಲಲ್ಲಿ ತಡಕಿ ಆರಿಸ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು 2008ರ ಹೊತ್ತಿಗೆ ಇದರ ಲೆಕ್ಕ ಹಾಕಿದ್ರು. ವರ್ಷಕ್ಕೆ ಸುಮಾರು 22 ಸಾವಿರ ಟನ್, ಆಗಿನ ದರದಲ್ಲಿ 5 ಕೋಟಿ 78 ಲಕ್ಷ ರೂಪಾಯಿ, ನೇರವಾಗಿ ಕೆಲಸ ಸಿಕ್ಕವರು 2,300ಕ್ಕೂ ಹೆಚ್ಚು ಜನ. ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರ ಕಟ್ಟೋ ಪ್ರಸ್ತಾಪ ಇದ್ದ ಕಾಲ ಅದು. 'ಖಾಲಿ ಕೆಸರು ಜಾಗ' ಅಂತ ಕಾಗದದಲ್ಲಿ ಬರೆಯೋ ನೆಲ ಎಷ್ಟು ಜನರ ಅನ್ನ ಅಂತ ಇಂಥ ಲೆಕ್ಕದಿಂದ ಗೊತ್ತಾಯ್ತು. ಸ್ಥಳೀಯರ ವಿರೋಧದ ನಡುವೆ ಸ್ಥಾವರ ಬರಲಿಲ್ಲ, ಆಮೇಲೆ ಬಂದರಿನ ಮಾತು ಬಂತು. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿ ಸೇರ್ತು.

ರಾಮ್ಸಾರ್ ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ. ನಮ್ಮ ಜಿಲ್ಲೆಯವರಿಗೆ ಈ ಪದ ಹೊಸದಾಗಬಾರದು. ಕರ್ನಾಟಕದಿಂದ ಈ ಪಟ್ಟಿಗೆ ಮೊದಲು ಸೇರಿದ್ದೇ ಶ್ರೀರಂಗಪಟ್ಟಣದ ರಂಗನತಿಟ್ಟು, 2022ರಲ್ಲಿ.

ಅಘನಾಶಿನಿಯಲ್ಲಿ ಎಲ್ಲಾ ಸರಿಯಿದೆ ಅಂತಲ್ಲ. ಸಣ್ಣ ಚಿಪ್ಪನ್ನೂ ಬಿಡದೆ ಬಾಚಿದ್ರೆ ಮುಂದಿನ ವರ್ಷಕ್ಕೆ ಬೀಜ ಇರಲ್ಲ. ಬಾಚಬೇಡಿ ಅಂತ ಹೇಳೋದು ಸುಲಭ, ಆ ದಿನದ ಕೂಲಿ ಬಿಡೋದು ಯಾರು? ಇಂಟರ್ನ್‌ಶಿಪ್‌ನಲ್ಲಿ ಕಲಿಯಬೇಕಾದ್ದು ಈ ಗಂಟನ್ನೇ. ಉತ್ತರ ಹೊತ್ತುಕೊಂಡು ಹೋಗೋರು ಅಲ್ಲಿ ನಾಲ್ಕು ದಿನವೂ ನಿಲ್ಲಲ್ಲ.

ಅಂದಹಾಗೆ, ಅಳಿವೆಯಲ್ಲಿ ಬಳಚು ಆರಿಸೋರಲ್ಲಿ ಅಂಬಿಗ ಸಮುದಾಯದವರು ತುಂಬಾ ಇದ್ದಾರೆ. ನಮ್ಮ ತಾಲೂಕಿನ ತ್ರಿವೇಣಿ ಸಂಗಮದ ಊರಿಗೂ ಅಂಬಿಗರಹಳ್ಳಿ ಅಂತಲೇ ಹೆಸರು.

ಆಮೆಯ ವಿಷಯ

ಆಮೆ ಮರಿ ಕಡಲಿಗೆ ಬಿಡೋ ಫೋಟೊ ಎಲ್ಲರಿಗೂ ಬೇಕು. ಕರ್ನಾಟಕದ ಕಡಲ ತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡೋಕೆ ಬರೋದು ಮುಖ್ಯವಾಗಿ ಚಳಿಗಾಲದಿಂದ ಬೇಸಿಗೆ ಶುರುವಿನವರೆಗೆ. ಹೊನ್ನಾವರದ ಕಾಸರಕೋಡು, ಕುಂದಾಪುರ ಕಡೆ ಅರಣ್ಯ ಇಲಾಖೆ ಮತ್ತು ಸ್ಥಳೀಯ ಮೀನುಗಾರರು ಗೂಡು ಕಾಯ್ತಾರೆ. ರಾತ್ರಿ ಮೈಲಿಗಟ್ಟಲೆ ಮರಳಲ್ಲಿ ನಡೆಯೋದು, ಗೂಡು ಸಿಕ್ಕರೆ ಇಲಾಖೆಗೆ ತಿಳಿಸೋದು, ನಾಯಿ, ನರಿ ಬರದಂತೆ ಬೇಲಿ ಹಾಕೋದು, ಆಮೇಲೆ ಸುಮಾರು 45ರಿಂದ 60 ದಿನ ಕಾಯೋದು. ಬಹುಪಾಲು ರಾತ್ರಿ ಏನೂ ಸಿಗಲ್ಲ.

ಒಂದು ಮಾತು ಗಟ್ಟಿಯಾಗಿ ನೆನಪಿರಲಿ. ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿ, ಆನೆ ಇರೋ ಅದೇ ಪಟ್ಟಿ. ಅನುಮತಿ ಇಲ್ಲದೆ ಆಮೆ, ಮೊಟ್ಟೆ ಮುಟ್ಟೋದು ಅಪರಾಧ. 'ಬನ್ನಿ, ಆಮೆ ಹಿಡಿದು ಫೋಟೊ ತೆಗೆಸ್ಕೊಳ್ಳಿ' ಅಂತ ಯಾರಾದ್ರೂ ಕರೆದ್ರೆ ಆ ಕಡೆ ಹೋಗಬೇಡಿ.

ಆಮೆಗೂ ಮೀನುಗಾರನ ಜೇಬಿಗೂ ಇರೋ ನಂಟಿಗೆ ಒಂದು ಉದಾಹರಣೆ ಸಾಕು. ಸಿಗಡಿ ಹಿಡಿಯೋ ಟ್ರಾಲ್ ಬಲೆಯಲ್ಲಿ ಆಮೆ ಸಿಕ್ಕಿಕೊಂಡು ಉಸಿರುಗಟ್ಟಿ ಸಾಯುತ್ತೆ. ಅದಕ್ಕೆ ಬಲೆಯಲ್ಲಿ ಆಮೆ ಹೊರಬೀಳೋ ಕಿಂಡಿ ಇರಬೇಕು ಅನ್ನೋದು ಅಮೆರಿಕದ ನಿಯಮ. ಆ ಕಿಂಡಿ ಇಲ್ಲ ಅನ್ನೋ ಕಾರಣಕ್ಕೆ ಭಾರತದ ಕಡಲಲ್ಲಿ ಹಿಡಿದ ಸಿಗಡಿಯನ್ನ ಅಮೆರಿಕ 2019ರಿಂದ ಕೊಳ್ಳೋದು ನಿಲ್ಲಿಸಿದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ನಮ್ಮ ಬಲೆಗೆ ಹೊಂದೋ ಕಿಂಡಿ ತಯಾರಿಸಿದೆ. ಆದರೆ ಕಿಂಡಿಯಿಂದ ಆಮೆ ಜೊತೆ ಸ್ವಲ್ಪ ಮೀನೂ ಹೋಗುತ್ತೆ ಅನ್ನೋದು ಬೋಟಿನವರ ಅಳಲು. ಎಷ್ಟು ಹೋಗುತ್ತೆ, ಯಾವ ಬೋಟಿನಲ್ಲಿ, ಅದನ್ನ ಯಾರು ತುಂಬಿಕೊಡಬೇಕು? ವಿದ್ಯಾರ್ಥಿಯೊಬ್ಬ ಒಂದು ತಿಂಗಳು ಬಂದರಲ್ಲಿ ಕೇಳಿ ಬರೆದ್ರೆ ಒಳ್ಳೆ ವರದಿ ಆಗುತ್ತೆ.

ಯಾವ ತಿಂಗಳು ಹೋಗಬೇಕು?

ಇಲ್ಲೇ ಒಳನಾಡಿನ ಮಕ್ಕಳು ಎಡವೋದು. ಪರೀಕ್ಷೆ ಮುಗಿಸಿ ಜೂನ್‌ನಲ್ಲಿ ಬ್ಯಾಗ್ ಹಿಡ್ಕೊಂಡು ಮಲ್ಪೆಗೆ ಹೋದ್ರೆ ಬೋಟುಗಳೆಲ್ಲ ದಡದಲ್ಲಿ ಕಟ್ಟಿರುತ್ತೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮೀನು ಮರಿ ಹಾಕೋ ಕಾಲ, ಕಡಲೂ ಪ್ರಕ್ಷುಬ್ಧ. 10 ಅಶ್ವಶಕ್ತಿವರೆಗಿನ ಮೋಟಾರ್ ಇರೋ ನಾಡದೋಣಿಗೆ ಮಾತ್ರ ಅವಕಾಶ. ಬಂದರಿನ ಲೆಕ್ಕ ತೆಗೆಯೋ ಕೆಲಸ ಬೇಕು ಅಂದ್ರೆ ಆಗಸ್ಟ್ ನಂತರ ಹೋಗಿ, ಇಲ್ಲ ಏಪ್ರಿಲ್, ಮೇ ನೋಡಿ. ಆಮೆ ಕೆಲಸಕ್ಕೆ ಜನವರಿಯಿಂದ ಮಾರ್ಚ್.

ಹಾಗಂತ ಜೂನ್, ಜುಲೈ ವ್ಯರ್ಥ ಅಂತಲೂ ಅಲ್ಲ. ಮನೆಗಳ ನಿಜವಾದ ಲೆಕ್ಕ ಗೊತ್ತಾಗೋದು ಆಗಲೇ. ದುಡಿಮೆ ಇಲ್ಲದ ಎರಡು ತಿಂಗಳು ಮನೆ ಹೇಗೆ ನಡೆಯುತ್ತೆ, ಸಾಲ ಯಾರ ಹತ್ರ, ಮೀನುಗಾರ ಕಟ್ಟಿದ ಹಣಕ್ಕೆ ಕೇಂದ್ರ, ರಾಜ್ಯ ಸೇರಿಸಿ ಕೊಡೋ ಉಳಿತಾಯ ಪರಿಹಾರ ಸಮಯಕ್ಕೆ ಬಂತಾ, ಬೋಟಿನಲ್ಲಿ ದುಡಿಯೋ ಹೊರ ರಾಜ್ಯದ ಕಾರ್ಮಿಕರು ಎಲ್ಲಿ ಹೋದ್ರು ಅಂತ ಕೇಳೋಕೆ ಜನಕ್ಕೂ ಪುರುಸೊತ್ತು ಇರುತ್ತೆ. ಬಲೆ ಹೆಣೆಯೋ ಕಡೆ ಕೂತರೆ ಹಳೆ ಕಥೆಗಳೂ ಬರ್ತವೆ. 1970ರ ದಶಕದಲ್ಲಿ ಪರ್ಸೀನ್ ಬಲೆ ಬಂದ ಮೇಲೆ ಊರಿಗೆ ಊರೇ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ ಹೇಗೆ ಮೂಲೆ ಸೇರ್ತು ಅನ್ನೋದು ಹಿರಿಯ ಮೀನುಗಾರರ ಬಾಯಲ್ಲೇ ಕೇಳಬೇಕು.

ಕಡಲಿನ ಏರಿಳಿತ ದಿನಕ್ಕೆ ಎರಡು ಸಲ, ಅದೂ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಗಡಿಯಾರಕ್ಕಿಂತ ಅದನ್ನ ನೋಡಿಯೇ ಕೆಲಸ. ಹೊಳೆಯಲ್ಲಿ ಈಜಿ ಗೊತ್ತು ಅಂತ ಕಡಲಿಗೆ ಇಳಿಯಬೇಡಿ. ಸ್ಥಳೀಯರು ಬೇಡ ಅಂದ ಜಾಗದಲ್ಲಿ ಮೊಣಕಾಲು ನೀರಿಗೂ ಬೇಡ.

ಎಲ್ಲಿ ಕೇಳಬೇಕು?

ಪಿಯುಸಿ ಮಕ್ಕಳಿಗೆ ಮೊದಲು ಹೇಳಬೇಕಾದ್ದು ಮಂಗಳೂರಿನ ಮೀನುಗಾರಿಕೆ ಕಾಲೇಜು. 1969ರಲ್ಲಿ ಶುರುವಾದ ಇದು ದೇಶದ ಮೊದಲ ಮೀನುಗಾರಿಕೆ ಕಾಲೇಜು, ಈಗ ಬೀದರ್‌ನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ನಾಲ್ಕು ವರ್ಷದ ಬಿ.ಎಫ್.ಎಸ್ಸಿ. ಪದವಿಗೆ ಸಿಇಟಿ ಮೂಲಕ ಸೀಟು. ರೈತರ ಮಕ್ಕಳ ಕೋಟಾ ಇದಕ್ಕೂ ಇದೆ ಅನ್ನೋದು ನಮ್ಮಲ್ಲಿ ಎಷ್ಟೋ ಮನೆಗೆ ಗೊತ್ತೇ ಇಲ್ಲ, ಬಿ.ಎಸ್ಸಿ. ಅಗ್ರಿಗೆ ಮಾತ್ರ ಅಂದುಕೊಂಡಿರ್ತಾರೆ. ಈ ಪದವಿಯಲ್ಲಿ ಮೀನುಗಾರರ ಊರಲ್ಲಿ, ಉದ್ದಿಮೆಯಲ್ಲಿ ತರಬೇತಿ ಪಠ್ಯದ ಭಾಗವಾಗಿಯೇ ಬರುತ್ತೆ. ಹೊರಗೆ ಇಂಟರ್ನ್‌ಶಿಪ್ ಹುಡುಕೋ ಕಷ್ಟ ಇಲ್ಲ.

ಬಿ.ಎಸ್ಸಿ. ಪ್ರಾಣಿಶಾಸ್ತ್ರ ಓದ್ತಿರೋರು ಮುಂದೆ ಕಾರವಾರದ ಕಡಲಜೀವಶಾಸ್ತ್ರ ಸ್ನಾತಕೋತ್ತರ ವಿಭಾಗ ನೋಡಬಹುದು, ಅದು ಕರ್ನಾಟಕ ವಿಶ್ವವಿದ್ಯಾಲಯದ್ದು. ಬಿಎಸ್‌ಡಬ್ಲ್ಯು, ಎಂಎಸ್‌ಡಬ್ಲ್ಯು, ಅರ್ಥಶಾಸ್ತ್ರ, ಪತ್ರಿಕೋದ್ಯಮದವರಿಗೂ ಜಾಗ ಇದೆ, ಯಾಕಂದ್ರೆ ಅರ್ಧ ಕೆಲಸ ಜನರ ಜೊತೆಗಿನದ್ದು. ಹೊನ್ನಾವರದ ಕಾಸರಕೋಡಿನಲ್ಲಿರೋ ಸ್ನೇಹಕುಂಜ ಟ್ರಸ್ಟ್ ದಶಕಗಳಿಂದ ಆ ಭಾಗದ ಆರೋಗ್ಯ, ಪಶ್ಚಿಮಘಟ್ಟ, ಅಳಿವೆ ಅಂತ ಕೆಲಸ ಮಾಡ್ತಿದೆ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ 2008ರಿಂದ ಒಡಿಶಾದ ಋಷಿಕುಲ್ಯ ತೀರದ ಆಮೆಗಳು, ಲಕ್ಷದ್ವೀಪದ ಮೀನುಗಾರಿಕೆ, ಅಂಡಮಾನ್ ಕಡೆ ಮೀನುಗಾರರ ಜೊತೆಯಲ್ಲೇ ಅಧ್ಯಯನ ಮಾಡೋ ಸಂಸ್ಥೆ. ಪ್ರತಿ ವರ್ಷ, ಪ್ರತಿ ಸಂಸ್ಥೆಯಲ್ಲಿ ಜಾಗ ಖಾಲಿ ಇರುತ್ತೆ ಅಂತ ಹೇಳೋಕಾಗಲ್ಲ. ಕಾಲೇಜಿನ ಪತ್ರ ಇಟ್ಟು, ನಾನು ಇಂಥ ವಿಷಯ ಓದ್ತಿದ್ದೀನಿ, ಇಷ್ಟು ವಾರ ಬರಬಲ್ಲೆ, ಕನ್ನಡದಲ್ಲಿ ಸಂದರ್ಶನ ಮಾಡಿ ಬರೆಯಬಲ್ಲೆ ಅಂತ ನೇರವಾಗಿ ಬರೆಯೋದೇ ದಾರಿ. ಆ ಕೊನೆಯ ಸಾಲು ಮರೀಬೇಡಿ, ಅದೇ ನಿಮ್ಮ ಬಲ.

ಮುಂದಿನ ಕೆಲಸದ ಮಾತಿಗೆ ಬಂದ್ರೆ, 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕರಾವಳಿ ಹಳ್ಳಿಗಳಿಗೆ 'ಸಾಗರ ಮಿತ್ರ'ರನ್ನ ಗುತ್ತಿಗೆ ಮೇಲೆ ತಗೊಳ್ತಾರೆ. ಮೀನುಗಾರಿಕೆ, ಕಡಲಜೀವಶಾಸ್ತ್ರ, ಪ್ರಾಣಿಶಾಸ್ತ್ರದ ಪದವಿ ಇದ್ದು ಸ್ಥಳೀಯ ಭಾಷೆ ಬರಬೇಕು. ಕಾಯಂ ಸರ್ಕಾರಿ ನೌಕರಿ ಅಲ್ಲ ಅನ್ನೋದು ತಿಳಿದಿರಲಿ.

ದುಡ್ಡು, ಸರ್ಟಿಫಿಕೇಟು

ನಮ್ಮ ಮಕ್ಕಳು ಮೋಸ ಹೋಗೋದು ಇಲ್ಲಿ. ಆನ್‌ಲೈನ್‌ನಲ್ಲಿ ಹುಡುಕಿದ್ರೆ ವಾರಕ್ಕೆ ಇಷ್ಟು ಸಾವಿರ ಕಟ್ಟಿ, ಬೀಚ್‌ನಲ್ಲಿ ಇರಿ, ಸರ್ಟಿಫಿಕೇಟ್ ತಗೊಳ್ಳಿ ಅನ್ನೋ ಜಾಹೀರಾತು ಕಾಣುತ್ತೆ. ಊಟ, ವಸತಿಗೆ ಹಣ ಕೇಳೋದು ಬೇರೆ, ಹಲವು ಒಳ್ಳೆ ಸಂಸ್ಥೆಗಳೂ ಕೇಳ್ತಾವೆ. ಆದರೆ ಕೆಲಸ ಏನು, ಮೇಲ್ವಿಚಾರಣೆ ಯಾರದ್ದು, ಕೊನೆಗೆ ವರದಿ ಯಾರು ಓದ್ತಾರೆ ಅನ್ನೋ ಮೂರು ಪ್ರಶ್ನೆಗೆ ಬರಹದಲ್ಲಿ ಉತ್ತರ ಕೊಡದ ಕಡೆ ಒಂದು ರೂಪಾಯಿನೂ ಕಟ್ಟಬೇಡಿ. ವಿಮೆ ಇದೆಯಾ, ಹೆಣ್ಣುಮಕ್ಕಳಿಗೆ ವಸತಿ ಎಲ್ಲಿ, ರಾತ್ರಿ ಕೆಲಸಕ್ಕೆ ಜೊತೆ ಯಾರು ಅಂತ ಅಪ್ಪ ಅಮ್ಮನೇ ಫೋನ್ ಮಾಡಿ ಕೇಳಿದ್ರೂ ನಾಚಿಕೆಯ ವಿಷಯ ಏನಿಲ್ಲ. ಸರಿಯಾದ ಸಂಸ್ಥೆಯವರು ಬೇಸರ ಮಾಡ್ಕೊಳ್ಳಲ್ಲ.

ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್ ಅಂದ್ರೆ ಉಳ್ಳವರ ಮಕ್ಕಳಿಗೆ ಮಾತ್ರ ಅನ್ನೋ ಮಾತಲ್ಲಿ ಸತ್ಯ ಇದೆ. ಒಂದು ತಿಂಗಳು ಹೊರಗಿರೋ ಖರ್ಚು, ಮನೆಯಲ್ಲಿ ನಿಂತುಹೋಗೋ ಕೆಲಸ ಎರಡೂ ಲೆಕ್ಕಕ್ಕೆ ಬರಬೇಕು. ಈ ಮಾತನ್ನ ಅರ್ಜಿಯಲ್ಲೇ ಬರೆದು, ಪ್ರಯಾಣ ಮತ್ತು ವಸತಿ ಕೊಡ್ತೀರಾ ಅಂತ ಕೇಳಬಹುದು. ಕೇಳದೆ ಯಾರೂ ಕೊಡಲ್ಲ. ಹೋಗೋ ದಾರಿ ದುಬಾರಿಯಲ್ಲ. ಹಾಸನಕ್ಕೆ ಹೋದ್ರೆ ಮಂಗಳೂರಿಗೆ ಬಸ್ಸು, ಕಾರವಾರದ ಕಡೆಗೆ ರಾತ್ರಿ ರೈಲು ಎರಡೂ ಸಿಗುತ್ತೆ. ಮುಂಬೈಗೆ ದುಡಿಯೋಕೆ ಹೋಗಿ ಬಂದ ತಾಲೂಕು ನಮ್ಮದು, ಕಾರವಾರ ಏನು ದೂರ?

ಹೋಗೋಕೆ ಆಗದಿದ್ರೆ

ಎಲ್ಲರೂ ಹೋಗಬೇಕು ಅಂತಿಲ್ಲ. ಇದೇ ಕೆಲಸದ ಚಿಕ್ಕ ರೂಪ ಇಲ್ಲೇ ಇದೆ. ಕೆಆರ್‌ಎಸ್ ಹಿನ್ನೀರಿನ ದಡದಲ್ಲಿ ತೆಪ್ಪ ಹಾಕಿ ಮೀನು ಹಿಡಿಯೋ ಕುಟುಂಬಗಳಿವೆ. ಅವರ ಬಲೆಗೆ ಈಗ ಬೀಳೋದು ಹೆಚ್ಚಾಗಿ ಕಾಟ್ಲಾ, ರೋಹು, ಜಿಲೇಬಿ. ಕಾವೇರಿಯದ್ದೇ ಆದ ದೊಡ್ಡ ಮಹಶೀರ್ 2018ರಿಂದ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ 'ತೀವ್ರ ಅಪಾಯದಲ್ಲಿರೋ' ಜೀವಿ. ಹಳಬರು ಯಾವ ಯಾವ ಮೀನು ಕಂಡಿದ್ರು, ಈಗ ಯಾವುದು ಇಲ್ಲ, ಯಾವ ವರ್ಷದಿಂದ ಇಲ್ಲ? ಹೇಮಗಿರಿ ಅಣೆ ಹತ್ರ, ಅಂಬಿಗರಹಳ್ಳಿಯಲ್ಲಿ, ವರಾಹನಾಥ ಕಲ್ಲಹಳ್ಳಿ ಸುತ್ತ ಇಪ್ಪತ್ತು ಹಿರಿಯರನ್ನ ಕೇಳಿ ದಿನಾಂಕ, ಜಾಗ, ಮೀನಿನ ಹೆಸರು ಹಾಕಿ ಬರೆದ್ರೆ ಅದು ಯಾವ ಇಂಟರ್ನ್‌ಶಿಪ್ ವರದಿಗೂ ಕಮ್ಮಿ ಇಲ್ಲ. ನೀರಿಗಿಳಿಯೋ ಕೆಲಸ ಇದ್ರೆ ತಾಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಮೊದಲು ತಿಳಿಸಿ.

ಆ ನೋಟ್‌ಬುಕ್ ಜೊತೆಗಿಟ್ಟು ಮುಂದಿನ ವರ್ಷ ಕರಾವಳಿಗೆ ಅರ್ಜಿ ಹಾಕಿ. ಅಲ್ಲಿ ಸಂದರ್ಶನದಲ್ಲಿ ಕೇಳೋದು ನೀವು ಕಡಲು ನೋಡಿದ್ದೀರಾ ಅಂತ ಅಲ್ಲ, ಜನರ ಹತ್ರ ಕೂತು ಕೇಳಿ ಬರೆದ ಅನುಭವ ಏನಾದ್ರೂ ಇದೆಯಾ ಅಂತ.